ಕೇವಲ ಕಿಮ್ಮತ್ತು

ನನಗೊಂದು ಚಟವಿದೆ. ಅದರಿಂದ ನಮ್ಮ ಮನೆಯವರಿಗೆ ಆಗಾಗ ತಲೆ ಕೆಡುತ್ತದೆ. 'ನಾಳೆ ಊಟಕ್ಕ ಎಷ್ಟು ಮಂದಿ?' ಎಂದು ಅವರು ಕೇಳಿದರೆ, ಹತ್ತರಿಂದ ಹದಿನಾಲ್ಕು ಎಂದು ನಾಲ್ಕು ಜನರ ಹಾಗೆ ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. 'ಹನ್ನೆರಡು, ಅತ್ತಿತ್ತ ಎರಡು' ಎನ್ನುತ್ತೇನೆ. ಅವರು ಪೇಟೆಗೆಂದು ತೆಗೆದ ಚೀಲವನ್ನು ಮತ್ತೆ ಗೂಟಕ್ಕೆ ಹಾಕಿ, 'ಈ ರೇಶನ್ ದಿನದಾಗ ನಿನ್ನ ಅತ್ತಿತ್ತಿನ ಮಂದಿಗೆ ಗೋದಿ ಯಾರು ಕೊಡ್ತಾರ?' ಎಂದು ಕೇಳುತ್ತಾರೆ. ಹಾಲಿನ ಗೌಳಿ ಬರುವುದು ಯಾವಾಗ ಎಂದು ಯಾರಾದರೂ ಕೇಳಿದರೂ ಅಷ್ಟೆ: ಆರು ಗಂಟೆ, ಅತ್ತಿತ್ತ ಹತ್ತು ನಿಮಿಷ. ಶಾಲೆಯಲ್ಲಿ ನನ್ನ ಹುಡುಗಿಯರು ನನ್ನ ಬೆನ್ನ ಹಿಂದೆ ಇದನ್ನೇ ಅಣಕಿಸುತ್ತಾರೆಂದು ನನಗೆ ಗೊತ್ತು. ಗಣಿತ ಕಲಿಸುವವಳನ್ನು ಅಣಕಿಸದೆ ಇನ್ನಾರನ್ನು ಅಣಕಿಸಬೇಕು ಹೇಳಿ.

ಈ ಚಟ ಹತ್ತಿದ್ದು ಬೀಜಗಣಿತದಿಂದ. ಒಂದು ಗೆರೆ ಎಳೆದು ಅದರ ಮೇಲೆ ಅಂಕೆಗಳನ್ನು ಸಾಲಾಗಿ ಕೂಡಿಸಿ, 'ಮೂರರಿಂದ ಹನ್ನೊಂದರವರೆಗಿನ ತುಂಡನ್ನು ಎರಡು ಕಡ್ಡಿಗಳ ನಡುವೆ ಬರೆ' ಎನ್ನುವ ಒಂದು ಜಾತಿಯ ಲೆಕ್ಕವಿದೆ. ನೀವು ಹೆದರಬೇಡಿ. ನಿಮ್ಮ ಪಾಲಿನದನ್ನೂ ಸೇರಿಸಿ ನಾನು ಆಗಲೇ ಹೆದರಿ ಮುಗಿಸಿದ್ದೇನೆ.

ಹದಿನೇಳು ವರ್ಷದವಳಿದ್ದಾಗ ನವಲಗುಂದದಿಂದ ಪುಣೆಗೆ ಬಂದೆ. ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರ ಬಾಡಿಗೆಗಿದ್ದ ಒಂದು ವಾಡೆಯಲ್ಲಿ ನಮ್ಮ ಅತ್ಯಾ, ಎಂದರೆ ಅಪ್ಪನ ಅಕ್ಕ, ಎರಡು ಕೋಣೆಯಲ್ಲಿ ಸಂಸಾರ ಮಾಡಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅವಳ ಗಂಡ, ನಮ್ಮ ಮಾಮಾ, ರೈಲ್ವೆ ಕಚೇರಿಯಲ್ಲಿ ಕಾರಕೂನರು. ದಿನವೆಲ್ಲ ಮರಾಠಿ, ಇಂಗ್ಲಿಷು ಆಡಿ ಆಡಿ, ಮನೆಗೆ ಬರುವ ಹೊತ್ತಿಗೆ ಅವರಲ್ಲಿ ಯಾವ ಭಾಷೆಯೂ ಉಳಿದಿರುತ್ತಿರಲಿಲ್ಲ. 'ಹೂಂ' ಎನ್ನುವುದೊಂದೇ ಉಳಿದಿರುತ್ತಿತ್ತು. ಅದನ್ನು ಅವರು ಧಾರಾಳವಾಗಿ ಬಳಸುತ್ತಿದ್ದರು.

ಹೆಣ್ಣುಮಗಳು ಕಾಲೇಜಿಗೆ ಹೋಗುವುದೆಂದರೆ ನಮ್ಮ ಊರಿನಲ್ಲಿ ಆಗ ಬಾಯಿ ತೆರೆದು ನೋಡುವ ಸಂಗತಿ. ಅಪ್ಪ ಒಪ್ಪಿದ್ದೇ ಹೆಚ್ಚು. ಒಪ್ಪಿದವನು ಒಂದು ಕರಾರು ಹಾಕಿದ. ರೈಲಿನ ಕಿಟಕಿಯಲ್ಲಿ ಕೈ ಇಟ್ಟು, 'ನೋಡು ಚಂಪಾ, ಒಂದು ವರ್ಷ ನೋಡತೀನಿ. ಒಂದ ಒಂದು ವಿಷಯದಾಗ ನಪಾಸಾದ್ರೂ ಮರುದಿನದ ರೈಲಿಗೆ ಊರು' ಎಂದ. ಅಪ್ಪ ಆಡಿದ ಮಾತು ತಪ್ಪುವವನಲ್ಲ. ಅದು ಅವನ ದೊಡ್ಡ ಗುಣ. ಆ ದಿನ ಮಾತ್ರ ನನಗೆ ದೊಡ್ಡ ದೋಷವಾಗಿ ಕಂಡಿತು.

ಬೇರೆ ವಿಷಯಗಳದು ಹೇಗೋ ನಡೆಯಿತು. ಬೀಜಗಣಿತ ನನ್ನನ್ನು ಅಡಕತ್ತರಿಯಲ್ಲಿ ಹಿಡಿಯಿತು. ನಮ್ಮ ಪ್ರೊಫೆಸರರು ಬಲಗೈಯಲ್ಲಿ ಬರೆಯುತ್ತ ಎಡಗೈಯಲ್ಲಿ ಅಳಿಸುತ್ತ ಹೋಗುವವರು. ಇಡೀ ತರಗತಿಯಲ್ಲಿ ನಾವು ಮೂವರೇ ಹುಡುಗಿಯರು, ಗೋಡೆಯ ಪಕ್ಕದ ಬೆಂಚಿನಲ್ಲಿ. ಎದ್ದು ನಿಂತು 'ತಿಳಿಯಲಿಲ್ಲ ಸರ್' ಎನ್ನುವ ಧೈರ್ಯ ನಮ್ಮ ಮೂವರಲ್ಲಿ ಕೂಡಿಸಿದರೂ ಇರಲಿಲ್ಲ. ಆ ಎರಡು ಕಡ್ಡಿಗಳ ಲೆಕ್ಕ ಬಂದಾಗಂತೂ, ಕಡ್ಡಿ ಯಾವುದು, ಒಂದು ಎನ್ನುವ ಅಂಕೆ ಯಾವುದು ಎಂಬುದೇ ನನಗೆ ಗೊತ್ತಾಗಲಿಲ್ಲ. ಎಕ್ಸಿನ ಎಡಬಲಕ್ಕೆ ಕಡ್ಡಿ ಬರೆದದ್ದನ್ನು ಹನ್ನೊಂದು ಎಂದು ಓದಿಕೊಂಡು ಒಂದು ವಾರ ಕಳೆದೆ. ಈಗ ನಗುತ್ತೇನೆ. ಆಗ ನಗು ಬಂದಿರಲಿಲ್ಲ.

ಪರೀಕ್ಷೆಗೆ ಒಂದೂವರೆ ತಿಂಗಳಿದೆ ಎನ್ನುವಾಗ ಅತ್ಯಾ ಮಾಮಾರಿಗೆ ಗಂಟು ಬಿದ್ದಳು. ಮಾಮಾ 'ಹೂಂ' ಎಂದು, ವಾಡೆಯ ಮಾಳಿಗೆಯ ಮೇಲಿದ್ದ ಬಾಪೂಕಾಕಾರ ಹತ್ತಿರ ಕರೆದುಕೊಂಡು ಹೋದರು. ಬಾಪೂಕಾಕಾ ಅಪ್ಪಟ ಪುಣೇಕರರು. ದೌಂಡದಲ್ಲಿ ರೈಲು ಹಳಿಗಳ ಮೇಲೆ ಓವರ್ಸಿಯರಾಗಿದ್ದು ನಿವೃತ್ತರಾದವರು. ಬೆಳಗ್ಗೆ ಹಲ್ಲುಜ್ಜುವುದಕ್ಕೂ ಗಡಿಯಾರ ನೋಡುತ್ತಿದ್ದರು. ಫೀ ಬೇಡವೆಂದರು. 'ಕೂತು ಕೂತು ನನ್ನ ತಲೆಗೆ ತುಕ್ಕು ಹಿಡಿಯುತ್ತಿದೆ, ಉಪಕಾರ ನನಗೇ' ಎಂದರು. ಅವರು ಹೇಳಿದ್ದೆಲ್ಲ ಮರಾಠಿಯಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ, ಬೇರೆ ದಾರಿಯಿಲ್ಲದ ಕಡೆ ಮಾತ್ರ ಅವರ ಮಾತನ್ನೇ ಇಡುತ್ತೇನೆ.

ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ನನ್ನ ಪಾಟಿಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

'ಇದು ಹಳಿ. ನಡುವೆ ದೌಂಡ. ದೌಂಡ ಸೊನ್ನೆ. ಸೊಲ್ಲಾಪುರದ ಕಡೆ ಹೋದರೆ ಅಧಿಕ, ಪುಣೆಯ ಕಡೆ ಬಂದರೆ ಉಣೆ.'

ಉಣೆ ಎಂದರೆ ಮರಾಠಿಯಲ್ಲಿ ಕಡಿಮೆ, ಕೊರತೆ, ಲೆಕ್ಕದಲ್ಲಿ ಮೈನಸ್. 'ಪುಣೆ ತಿಥೇ ಕಾಯ್ ಉಣೇ' ಎಂದು ಇಲ್ಲಿಯವರು ಎದೆ ಉಬ್ಬಿಸಿ ಹೇಳುವ ಗಾದೆಯಿದೆ, ಪುಣೆಯಲ್ಲಿ ಏನು ಕಡಿಮೆ ಎಂದು ಅದರ ಅರ್ಥ. ಬಾಪೂಕಾಕಾ ಗೆರೆಯ ಎಡತುದಿಗೆ ಪುಣೆ ಎಂದು ಬರೆದು ನಿಟ್ಟುಸಿರು ಬಿಟ್ಟರು: 'ಏನು ಮಾಡುವುದು, ಗಣಿತದಲ್ಲಿ ಪುಣೆಯೆಲ್ಲಾ ಉಣೆಯೇ!' ತಮ್ಮ ಮಾತಿಗೆ ತಾವೇ ಕೆಮ್ಮು ಬರುವವರೆಗೆ ನಕ್ಕರು.

ಆಮೇಲೆ ಹೇಳಿದರು: 'ಮೂರನೇ ಮೈಲಿಯಿಂದ ಹನ್ನೊಂದನೇ ಮೈಲಿಯವರೆಗೆ ಒಬ್ಬ ಗ್ಯಾಂಗ್‌ಮನ್ ಹಳಿ ನೋಡಬೇಕು. ಅವನ ಚೌಕಿಯನ್ನು ಎಲ್ಲಿ ಕಟ್ಟುತ್ತೀ?'

'ನಡುವೆ' ಎಂದೆ.

'ಎಲ್ಲಿ ನಡುವೆ?'

'ಏಳರಲ್ಲಿ.'

'ಶಾಬಾಸ್. ಚೌಕಿ ಬಿಟ್ಟು ಅವನು ಎಷ್ಟು ದೂರ ಹೋಗಬಹುದು?'

'ಆ ಕಡೆ ನಾಲ್ಕು, ಈ ಕಡೆ ನಾಲ್ಕು.'

'ಹಾಗಾದರೆ ಮುಗಿಯಿತಲ್ಲ! ಎಕ್ಸ್ ಎಂದರೆ ಆ ಗ್ಯಾಂಗ್‌ಮನ್. ಈಗ ಎಲ್ಲಿದ್ದಾನೆ ದೇವರಿಗೇ ಗೊತ್ತು, ಎಲ್ಲೋ ಮರದ ಕೆಳಗೆ ಬೀಡಿ ಸೇದುತ್ತಿರಬಹುದು. ಚೌಕಿಯಿಂದ ನಾಲ್ಕು ಮೈಲಿ ಮೀರಿಲ್ಲ ಎಂಬುದಷ್ಟೇ ನಮಗೆ ಗೊತ್ತು. ಎಕ್ಸಿನಲ್ಲಿ ಏಳು ಕಳೆ, ಎರಡು ಕಡೆ ಕಡ್ಡಿ ನಿಲ್ಲಿಸು, ನಾಲ್ಕಕ್ಕೆ ಮೀರದು ಎಂದು ಬರೆ. ಕಡ್ಡಿಗಳ ಕೆಲಸ ಏನು? ಯಾವ ಕಡೆ ಎಂದು ಕೇಳಬೇಡ, ಎಷ್ಟು ದೂರ ಎಂದಷ್ಟೇ ಹೇಳು ಎನ್ನುವುದು.'

ಒಂದು ವರ್ಷ ಕಾಲೇಜಿನ ಹಲಗೆಯ ಮೇಲೆ ಕಾಣದಿದ್ದದ್ದು ಆ ಪಾಟಿಯ ಮೇಲೆ ಕಾಣಿಸಿತು. ಕೆಳಗೆ ಹೋಗಿ ಅತ್ಯಾನ ಮುಂದೆ ಕುಣಿದೆ. ಅವಳು ಏನೂ ತಿಳಿಯದೆ, ನನ್ನ ಕುಣಿತ ನೋಡಿ ತಾನೂ ನಕ್ಕಳು.

ಆದರೆ ಬುದ್ಧಿ ಎನ್ನುವುದು ಒಂದೇ ದಿನಕ್ಕೆ ಬರುವ ಪೈಕಿ ಅಲ್ಲ. ತುಂಡು ಸೊಲ್ಲಾಪುರದ ಕಡೆ ಇರುವವರೆಗೆ ನಾನು ಜಾಣೆ. ಅದು ಪುಣೆಯ ಕಡೆ ಬಂತೋ, ದಾರಿ ತಪ್ಪಿದೆ. ಉಣೆ ಒಂಬತ್ತರಿಂದ ಉಣೆ ಒಂದರವರೆಗೆ ಎಂದು ಕೊಟ್ಟರೆ, ಚೌಕಿ ಉಣೆ ಐದರಲ್ಲಿ ಎಂದು ಸರಿಯಾಗಿ ಹೇಳಿ, ಬರೆಯುವಾಗ ಮತ್ತೆ ಎಕ್ಸಿನಲ್ಲಿ ಐದು ಕಳೆಯುತ್ತಿದ್ದೆ. 'ಅಯ್ಯೋ, ನಿನ್ನ ಗ್ಯಾಂಗ್‌ಮನ್ ದೌಂಡ ದಾಟಿ ಸೊಲ್ಲಾಪುರಕ್ಕೆ ಓಡಿಹೋದ! ಉಣೆಯನ್ನು ಕಳೆದರೆ ಕೂಡಿಸಿದ ಹಾಗೆ, ಎಷ್ಟು ಸಲ ಹೇಳಲಿ' ಎಂದು ಕಾಕಾ ಹಣೆ ಹಿಡಿದುಕೊಳ್ಳುತ್ತಿದ್ದರು. ಹೀಗೆ ಪಾಪ, ಆ ಬಡ ಗ್ಯಾಂಗ್‌ಮನ್ ನನ್ನ ಕೈಯಲ್ಲಿ ದಿನಕ್ಕೆ ನಾಲ್ಕು ಸಲ ಡ್ಯೂಟಿ ಬಿಟ್ಟು ಓಡಿಹೋಗುತ್ತಿದ್ದ.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಅನಾಹುತವಾಯಿತು. ಅದನ್ನು ಹೇಳುವ ಮೊದಲು ಅತ್ಯಾನ ಮರಾಠಿಯ ವಿಷಯ ನಾಲ್ಕು ಮಾತು ಹೇಳಬೇಕು.

ನಮ್ಮ ಕನ್ನಡದಲ್ಲಿ ಗಂಡಸರು ಗಂಡಸರೇ, ಹೆಂಗಸರು ಹೆಂಗಸರೇ, ಉಳಿದದ್ದೆಲ್ಲ 'ಅದು'. ಮರಾಠಿಯಲ್ಲಿ ಹಾಗಲ್ಲ. ಕೋಲು ಹೆಣ್ಣು, ದಾರ ಗಂಡು, ನೀರು ಎರಡೂ ಅಲ್ಲ. ಅತ್ಯಾ ಮದುವೆಯಾಗಿ ಬಂದ ಹೊಸದರಲ್ಲಿ, ವಾಡೆಯ ನಳಕ್ಕೆ ನೀರು ಬಂದದ್ದು ನೋಡಿ 'ಪಾಣೀ ಆಲೀ' ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳಂತೆ. ನೀರು ಬಂದಳು ಎಂದ ಹಾಗಾಯಿತು. 'ಬಂದಳೇ? ಯಾವ ಸೀರೆ ಉಟ್ಟುಕೊಂಡು ಬಂದಿದ್ದಾಳೆ?' ಎಂದು ನಳದ ಹೆಂಗಸರು ಬಿದ್ದುಬಿದ್ದು ನಕ್ಕರು. ಅವರದು ತಮಾಷೆ, ಇವಳ ಕರುಳಿಗೆ ಚುಚ್ಚಿತು. ಅಂದಿನಿಂದ ಇಪ್ಪತ್ತು ವರ್ಷ ಅತ್ಯಾ ಮರಾಠಿಯನ್ನು ಉಪ್ಪಿನಷ್ಟೇ ಬಳಸಿದಳು. 'ನಮ್ಮನ್ನ ಇವರು ಕೇವಲ ಮಾಡತಾರ' ಎನ್ನುವುದು ಅವಳ ಬಾಯಲ್ಲಿ ಕಾಯಂ ಮಾತು. ಕೇವಲ ಮಾಡುವುದೆಂದರೆ ನಮ್ಮ ಕಡೆ ಹೀನಾಯ ಮಾಡುವುದು, ಕಸಕ್ಕಿಂತ ಕಡೆ ಕಾಣುವುದು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನ ಸಂಜೆ ನಾನು ಮಾಳಿಗೆಯಲ್ಲಿ ಪಾಟಿ ತೊಡೆಯ ಮೇಲಿಟ್ಟು ಕೂತಿದ್ದೆ. ಮತ್ತೆ ಉಣೆ ಐದರ ತಪ್ಪು. ಬಾಪೂಕಾಕಾ ಸೋತು, ಸುಣ್ಣದ ಕಡ್ಡಿಯನ್ನು ನನ್ನ ತೊಡೆಯ ಮೇಲಿನ ಪಾಟಿಯತ್ತ ಚಾಚಿ, ದೊಡ್ಡ ದನಿಯಲ್ಲಿ ಹೇಳಿದರು:

'ಹೀ ಉಣೇ ಪಾಂಚ. ಹಿಚೀ ಕೇವಲ ಕಿಂಮತ ಪಾಂಚ!'

ಅವರ ಮಟ್ಟಿಗೆ ಅದು ಸರಳ ಪಾಠ. ಇದು ಮೈನಸ್ ಐದು. ಇದರ ಕೇವಲ ಬೆಲೆ, ಎಂದರೆ ಕಡ್ಡಿಗಳ ನಡುವಿನ ಬೆಲೆ, ಐದು. ಆದರೆ ಮರಾಠಿಯಲ್ಲಿ ಸಂಖ್ಯೆ ಹೆಂಗಸು. 'ಹಿಚೀ' ಎಂದರೆ 'ಈಕೆಯ'. ನನಗೆಂದು ಹಚ್ಚಿದ ಅವಲಕ್ಕಿಯ ತಾಟು ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತಿದ್ದ ಅತ್ಯಾನ ಕಿವಿಗೆ ಬಿದ್ದದ್ದು ಇಷ್ಟು: 'ಈಕೆಯಲ್ಲಿ ಐದು ಕಡಿಮೆ. ಈಕೆಯ ಕಿಮ್ಮತ್ತು ಕೇವಲ ಐದು!'

ಅತ್ಯಾ ತಾಟನ್ನು ನೆಲಕ್ಕೆ ಇಟ್ಟಳು. ಇಟ್ಟ ಸದ್ದಿಗೆ ಅವಲಕ್ಕಿ ಅರ್ಧ ಹೊರಗೆ ಹಾರಿತು.

'ಚಂಪೀ, ಏಳು. ಮನಿಗೆ ನಡಿ.'

'ಅತ್ಯಾ, ಲೆಕ್ಕ...'

'ಏಳಂದ್ರ ಏಳು.'

ಬಾಪೂಕಾಕಾ 'ಕಾಯ್ ಝಾಲಂ ಗಂಗಾಬಾಯಿ?' ಏನಾಯಿತು ಎಂದು ಅತ್ಯಾನನ್ನು ಕೇಳುತ್ತಿದ್ದರೆ, ಅವಳು ಅವರ ಕಡೆ ತಿರುಗಿಯೂ ನೋಡದೆ ನನ್ನ ರಟ್ಟೆ ಹಿಡಿದು ಇಳಿಸಿಕೊಂಡು ಬಂದಳು. ಬಾಗಿಲು ಹಾಕಿಕೊಂಡ ಮೇಲೆ ಅವಳ ಕನ್ನಡ ಕಟ್ಟೆ ಒಡೆಯಿತು.

'ಐದಂತ! ನನ್ನ ತಮ್ಮನ ಮಗಳ ಕಿಮ್ಮತ್ತು ಐದಂತ! ಐದು ಏನು, ಐದು ಬೆಂಡಿಕಾಯೇನು? ಫೀ ಬ್ಯಾಡ ಅಂದಾಗನ ನನಗ ತಿಳೀಬೇಕಿತ್ತು, ಪುಕ್ಕಟೆ ಕಲಿಸೋರು ಪುಕ್ಕಟೆ ಮಂದಿ ಅಂತ ತಿಳಕೋತಾರ. ನನ್ನನ್ನ ಕೇವಲ ಮಾಡಿದ್ರು, ತಡಕೊಂಡೆ. ನಿನ್ನನ್ನ ಮಾಡಗೊಡೂದಿಲ್ಲ. ನಾಳಿಂದ ಆ ಮೆಟ್ಟಲಾ ಹತ್ತಿದಿ ಅಂದ್ರ ನೋಡು.'

ನಾನು ಅದು ನನ್ನ ವಿಷಯವಲ್ಲ, ಸಂಖ್ಯೆಯ ವಿಷಯ ಎಂದೆ. 'ಸಂಖ್ಯಾಕ್ಕ ಯಾರರೆ ಆಕಿ ಅಂತಾರೇನು?' ಎಂದಳು. ಮಾಮಾರ ಮುಖ ನೋಡಿದೆ. ಅವರು 'ಹೂಂ' ಎಂದರು, ಯಾರಿಗೆ ಎಂದು ತಿಳಿಯಲಿಲ್ಲ.

ಮೂರು ದಿನ ಹಾಗೆ ಹೋಯಿತು. ಪುಸ್ತಕ ತೆರೆದರೆ ಉಣೆ ಐದು, ಮುಚ್ಚಿದರೆ ಅಪ್ಪನ ಮರುದಿನದ ರೈಲು. ಮೇಲೆ ಬಾಪೂಕಾಕಾ ಸಂಜೆ ಐದಾಯಿತೆಂದರೆ ಬಂದು ಮೆಟ್ಟಿಲ ತುದಿಯಲ್ಲಿ ನಿಂತು, ಕೆಳಗೆ ನೋಡಿ, ಒಳಗೆ ಹೋಗುತ್ತಿದ್ದರು. ಅವರ ಚಪ್ಪಲಿಯ ಸದ್ದು ನಮಗೆ ಕೇಳುತ್ತಿತ್ತು. ಅತ್ಯಾನಿಗೂ ಕೇಳುತ್ತಿತ್ತು, ಅವಳು ಪಾತ್ರೆ ಜೋರಾಗಿ ತಿಕ್ಕುತ್ತಿದ್ದಳು.

ನಾಲ್ಕನೆಯ ದಿನ ನಾನು ಒಲೆಯ ಮುಂದೆ ಕೂತು ಅತ್ತೇಬಿಟ್ಟೆ. ಅತ್ಯಾನ ಸಿಟ್ಟು ಮೂಗಿನ ಮೇಲಿರುತ್ತಿತ್ತೇ ಹೊರತು ಅದಕ್ಕಿಂತ ಒಳಗೆ ಇಳಿದದ್ದು ನಾನು ಕಾಣೆ. ರೊಟ್ಟಿ ಬಡಿಯುವುದನ್ನು ಬಿಟ್ಟು, 'ಅಳಬ್ಯಾಡ. ಏನದು ಹೇಳಿ ಸಾಯಿ, ಕೇಳತೀನಿ' ಎಂದಳು.

'ಅತ್ಯಾ, ನಮ್ಮ ಬಾಗಲದಿಂದ ನಳ ಎಷ್ಟು ದೂರ ಅದರಿ?'

'ಎಡಕ್ಕ ಐದು ಬಾಗಲಾ.'

'ಮಾರುತಿ ಗುಡಿ?'

'ಬಲಕ್ಕ ಐದು ಬಾಗಲಾ.'

'ಯಾವುದಕ್ಕ ಹೋಗಿಬಂದ್ರ ನಿಮ್ಮ ಕಾಲು ಹೆಚ್ಚು ನೋಯ್ತಾವ?'

'ಎರಡಕ್ಕೂ ಅಷ್ಟ. ಕಾಲಿಗೆ ಎಡ ಬಲ ಏನು ಗೊತ್ತು?'

'ಎಡ ಬಲ ಬಿಟ್ಟು ಆ ಅಷ್ಟ ಅನ್ನೂದಕ್ಕ ಅವರು ಕೇವಲ ಕಿಂಮತ ಅಂತಾರ. ಎಡಕ್ಕಿದ್ದದ್ದು ಉಣೆ ಐದು. ಆದ್ರೂ ಅದರ ಬೆಲಿ ಐದ, ಕಡಿಮಿ ಅಲ್ಲ.'

ಅತ್ಯಾ ಹಿಟ್ಟಿನ ಬೆರಳಿನಿಂದ ಎಡಕ್ಕೆ ಐದು, ಬಲಕ್ಕೆ ಐದು ಬಾಗಿಲು ಎಣಿಸಿದಳು. ಒಲೆಯ ಮೇಲಿನ ರೊಟ್ಟಿ ಕಪ್ಪಾಯಿತು. ಆಮೇಲೆ ಕೇಳಿದಳು: 'ಹಂಗಾದ್ರ ಅದಕ್ಕ ಕೇವಲ ಅಂತ ಕೆಟ್ಟ ಹೆಸರು ಯಾಕಿಟ್ರು?'

ಅವಳೇ ಯೋಚಿಸಿದಳು. ಪುರಾಣ ಕೇಳಿ ಬೆಳೆದ ತಲೆ ಅದು. 'ಕೈವಲ್ಯ ಅಂತಾರಲ್ಲ ಶಾಸ್ತ್ರಿಗಳು, ಯಾವುದರ ಹಂಗೂ ಇಲ್ಲದ್ದು... ಆ ಕೇವಲ ಏನು ಇದು?' ಎಂದಳು. ಎಂದವಳೇ ಹಿಟ್ಟಿನ ಕೈಯನ್ನು ಹಣೆಗೆ ಬಡಿದುಕೊಂಡಳು. 'ಅಯ್ಯ ನನ್ನ ಶಿವನ! ಆ ಹಿರಿಯಾ ಇಷ್ಟು ದೊಡ್ಡ ಮಾತು ಆಡಿದ್ರ ನಾ ತಾಟು ಕುಕ್ಕಿ ಬಂದೆ.'

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಒಂದು ಮಾತನ್ನು ಎರಡು ಭಾಷೆಯಲ್ಲಿ ಅರ್ಧರ್ಧ ಬಲ್ಲವರಿಗೆ ಎಷ್ಟು ಜಗಳ ಎಂದು ಆ ಗಾದೆ ಮಾಡಿದವನಿಗೆ ಗೊತ್ತಿರಲಿಲ್ಲ.

ಅತ್ಯಾ ಸೀರೆ ಬದಲಿಸಿ, ಹೊಸದಾಗಿ ಅವಲಕ್ಕಿ ಹಚ್ಚಿ, ನನ್ನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. 'ಮಾಝೀ ಚೂಕ ಝಾಲೀ' ಎಂಬ ವಾಕ್ಯವನ್ನು, ತಪ್ಪಾಯಿತು ಎನ್ನುವುದನ್ನು, ಪ್ರತಿ ಮೆಟ್ಟಿಲಿಗೊಮ್ಮೆ ಹೇಳಿಕೊಂಡು ಹೋದಳು. ಅದನ್ನು ಸರಿಯಾಗಿಯೇ ಒಪ್ಪಿಸಿದಳು. ಅಷ್ಟಕ್ಕೆ ಅವಳ ಮರಾಠಿ ತೀರಿತು. ಉಳಿದದ್ದನ್ನು, ನಳದ ಕಥೆಯಿಂದ ಹಿಡಿದು ಕೈವಲ್ಯದವರೆಗೆ, ಕನ್ನಡದಲ್ಲೇ ಹೇಳಿ ಮುಗಿಸಿದಳು. ನಾನು ನಡುವೆ ನಿಂತು ಮರಾಠಿ ಮಾಡಿದೆ. ಬಾಪೂಕಾಕಾ ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿಕೊಂಡರು. ಮೂರು ದಿನ ಅವರು, ತಮ್ಮ ಕಲಿಸುವಿಕೆಯಲ್ಲೇ ಏನೋ ಉಣೆಯಾಯಿತು, ಅದಕ್ಕೇ ಮಗುವನ್ನು ಬಿಡಿಸಿಕೊಂಡು ಹೋದರು ಎಂದುಕೊಂಡಿದ್ದರಂತೆ. ಆ ವಯಸ್ಸಿನಲ್ಲಿ ಹಳೆಯ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಓದುತ್ತ ಕೂತಿದ್ದರು. ಈಗಲೂ ಅದನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಎಲ್ಲಿಯ ನವಲಗುಂದ, ಎಲ್ಲಿಯ ದೌಂಡ, ನನಗೆ ಅವರು ಏನಾಗಬೇಕು?

ಮುಂದಿನ ಹತ್ತು ದಿನ ಅತ್ಯಾ ಪಾಠದ ಹೊತ್ತಿಗೆ ಮೊರ ಹಿಡಿದು ಬಾಗಿಲ ಬಳಿ ಕೂತು ಅಕ್ಕಿ ಆರಿಸಿದಳು. ಕೇಳಿದರೆ 'ಇಲ್ಲೆ ಬೆಳಕು ಚೊಲೊ ಅದ' ಎನ್ನುವಳು. ನಾನು ಉಣೆಯಲ್ಲಿ ತಪ್ಪಿದರೆ ಬಾಪೂಕಾಕಾರಿಗಿಂತ ಮೊದಲು ಅವಳ ಮೊರ ನಿಲ್ಲುತ್ತಿತ್ತು. 'ಚಂಪೀ, ನಿನ್ನ ಮನಿಶಾ ಮತ್ತ ದೌಂಡ ದಾಟಿದ' ಎನ್ನುತ್ತಿದ್ದಳು. ಲೆಕ್ಕ ಅವಳಿಗೆ ಬರುತ್ತಿತ್ತು ಎಂದು ನಾನು ಹೇಳಲಾರೆ. ನನ್ನ ಮುಖ ನೋಡಿದರೆ ತಪ್ಪು ಅವಳಿಗೆ ತಿಳಿಯುತ್ತಿತ್ತು.

ಪರೀಕ್ಷೆಯಾಯಿತು. ಆ ಲೆಕ್ಕ ಬಂತು, ಗ್ಯಾಂಗ್‌ಮನ್ ಡ್ಯೂಟಿ ಬಿಟ್ಟು ಓಡಲಿಲ್ಲ. ಬೇರೆ ಲೆಕ್ಕಗಳಲ್ಲಿ ಬೇರೆ ಯಾರ್ಯಾರೋ ಓಡಿಹೋದರು, ಅದಿರಲಿ. ಪಾಸಾದೆ. ಕೇವಲ ಪಾಸು, ಇದು ಮಾತ್ರ ನಮ್ಮ ಕನ್ನಡದ ಕೇವಲ. ಬಾಪೂಕಾಕಾ ಇಡೀ ವಾಡೆಗೆ ಪೇಢೆ ಹಂಚಿದರು.

ಆ ಬೇಸಿಗೆಯಲ್ಲಿ ಅಪ್ಪ ಪುಣೆಗೆ ಬಂದ. ನಾನು ತುಸು ಬೀಗಿಕೊಂಡೇ ಎದುರು ನಿಂತು, 'ಅಪ್ಪಾ, ಇನ್ನ ಮರುದಿನದ ರೈಲು ಇಲ್ಲಲ್ಲ?' ಎಂದೆ. ಅವನು ನನ್ನ ಮುಖವನ್ನೇ ನೋಡಿದ.

'ಯಾವ ರೈಲು? ಅದನ್ನ ನಿಮ್ಮ ಅತ್ಯಾ ಪರೀಕ್ಷಾಕಿಂತ ಮೊದಲ ತಗದು ಒಗದಾಳಲ್ಲ. ನಿನಗ ಹೇಳಿಲ್ಲೇನು?'

ಕೋಟಿನ ಕಿಸೆಯಿಂದ ಒಂದು ಕಾರ್ಡು ತೆಗೆದುಕೊಟ್ಟ. ಪೆನ್ಸಿಲ್ಲಿನ ಅಕ್ಷರ, ಒಂದು ಮೇಲೆ, ಒಂದು ಕೆಳಗೆ. ಅತ್ಯಾ ಯಾರಿಂದಲೂ ಬರೆಸಿರಲಿಲ್ಲ, ತಾನೇ ಬರೆದಿದ್ದಳು. 'ಪರೀಕ್ಷಾ ಇನ್ನೂ ಎಂಟು ದಿನ ಅದ. ಚಂಪಿ ಪಾಸಾಗಲಿ ನಪಾಸಾಗಲಿ ನನ್ನ ಹತ್ತರ ಇರತಾಳ. ಕರಕೊಂಡು ಹೋಗಲಿಕ್ಕೆ ಬರಬ್ಯಾಡ. ಬಂದರ ಊಟಾ ಹಾಕಿ ಕಳಸತೀನಿ, ಹುಡುಗಿನ್ನ ಕಳಸೂದಿಲ್ಲ. ನಿನ್ನ ಅಕ್ಕ.'

ನಾನು ಕಾರ್ಡು ಹಿಡಿದು ಅಡುಗೆಮನೆಗೆ ಹೋದೆ. ಖುಷಿಗಿಂತ ಮೊದಲು ಸಿಟ್ಟು ಬಂದಿತ್ತು. ಆ ಎಂಟು ದಿನ ನಾನು ಅನ್ನ ನೀರು ಬಿಟ್ಟವಳು.

'ಅತ್ಯಾ, ಇದನ್ನ ನನಗ ಯಾಕ ಹೇಳಲಿಲ್ಲರಿ?'

'ಹೇಳಿದ್ರ ಓದತಿದ್ದೇನು ನೀನು? ಪುಸ್ತಕ ಮುಚ್ಚಿ ಮಲಗತಿದ್ದಿ.'

'ಮತ್ತ ನಾ ಪಾಸಾಗಲಿ ಅಂತ ಅಷ್ಟು ದಿನ ಬಾಗಲದಾಗ ಕೂತು ಕಾದಿರಲ್ಲ?'

ಅತ್ಯಾ ಸೌಟು ಕೆಳಗಿಟ್ಟಳು. 'ಈ ಊರಾಗ ಇಪ್ಪತ್ತು ವರ್ಷ ಆತು ಚಂಪೀ, ನೀ ಬಂದಮ್ಯಾಲೆ ನಾ ಮನ್ಯಾಗ ಬಾಯಿ ತುಂಬ ಮಾತಾಡಿದ್ದು. ಪಾಸು ನಿಮ್ಮಪ್ಪಗ ಬೇಕಾಗಿತ್ತು. ನನಗ ನೀ ಬೇಕಾಗಿದ್ದಿ. ಹೋಗು, ಕೈಕಾಲು ತೊಳಕೋ, ಅವನನ್ನೂ ಕರಿ, ತಾಟು ಹಾಕತೀನಿ.'